ಹೊದಿಕೆಗೊಂದು ಪರಿಮಾಣ: ಭೋಗೋಪಭೋಗ ವ್ರತದ ಒಂದು ಪಾಠ

ನೋಂಪಿಯನ್ನು ಕೈಗೊಂಡ ಶ್ರಾವಕರ ಮನೆಯಲ್ಲಿ ಆಹಾರದ ವಿಷಯಕ್ಕೆ ಎಷ್ಟು ಎಚ್ಚರ ವಹಿಸಲಾಗುತ್ತದೆಂಬುದು ವಾಚಕರೆಲ್ಲರೂ ಬಲ್ಲ ಸಂಗತಿ. ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸುತ್ತೇವೆ. ಅಕ್ಕಿ ಬೇಳೆಗಳನ್ನು ಬೆಳಕಿನಲ್ಲಿ ಹರಡಿ ಆರಿಸುತ್ತೇವೆ. ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುತ್ತೇವೆ. ಅಷ್ಟಮಿ ಚತುರ್ದಶಿಗಳಲ್ಲಿ ಹಸಿರನ್ನು ತ್ಯಜಿಸುತ್ತೇವೆ. ಆದರೆ ಆ ಅಕ್ಕಿ ಬೇಳೆಗಳು ಯಾವ ಚೀಲದಲ್ಲಿ ಬಂದವು, ಬರಿದಾದ ಚೀಲ ಮರುದಿನ ಎಲ್ಲಿಗೆ ಹೋಯಿತು ಎಂದು ಕೇಳಿಕೊಳ್ಳುವ ರೂಢಿ ನಮ್ಮಲ್ಲಿ ಇನ್ನೂ ಬೆಳೆದಿಲ್ಲ. ಈ ಪಾಠದಲ್ಲಿ ಆ ಒಂದು ಪ್ರಶ್ನೆಯನ್ನು ವ್ರತದ ದೃಷ್ಟಿಯಿಂದ ವಿಚಾರಿಸಲಾಗಿದೆ.

ಈ ಲೇಖಕನ ಮನಸ್ಸಿಗೆ ಪ್ರಶ್ನೆ ಹತ್ತಿದ್ದು ಒಂದು ಉದ್ಯಾಪನೆಯ ಮರುದಿನ. ಬಂಧುಗಳೊಬ್ಬರು ಹಲವು ವರ್ಷ ನಡೆಸಿದ ನೋಂಪಿಯ ಉದ್ಯಾಪನೆ ಬಸದಿಯಲ್ಲಿ ವಿಧಿಪೂರ್ವಕವಾಗಿ ನೆರವೇರಿತ್ತು. ಅಭಿಷೇಕ, ಆರಾಧನೆ, ಪ್ರಭಾವನೆ ಎಲ್ಲವೂ ಸಾಂಗವಾಗಿ ಮುಗಿದು ಜನ ಸಂತೋಷದಿಂದ ಹಿಂದಿರುಗಿದ್ದರು. ಬೆಳಗ್ಗೆ ದರ್ಶನಕ್ಕೆ ಹೋದಾಗ ಹೊರಗೋಡೆಯ ಪಕ್ಕದಲ್ಲಿ ಹಿಂದಿನ ದಿನದ ಚೀಲಗಳೂ ಡಬ್ಬಿಗಳೂ ರಾಶಿಯಾಗಿ ಬಿದ್ದಿದ್ದವು. ಉಳಿದ ಅನ್ನ, ಸಿಹಿಯ ಚೂರು ಪ್ಲಾಸ್ಟಿಕ್ ಚೀಲಗಳಲ್ಲಿ ಗಂಟು ಕಟ್ಟಿಕೊಂಡೇ ಇದ್ದವು. ಒಂದು ಹಸು ಒಂದು ಗಂಟನ್ನು ಚೀಲ ಸಹಿತ ಬಾಯಿಗೆ ಹಾಕಿಕೊಂಡು ಅಗಿಯುತ್ತಿತ್ತು. ಬಿಡಿಸಲು ಹೋಗುವಷ್ಟರಲ್ಲಿ ನುಂಗಿಬಿಟ್ಟಿತು. ಹಸುವಿಗೆ ಗಂಟು ಬಿಚ್ಚುವ ಕೈಗಳಿಲ್ಲ. ಅನ್ನ ಬೇಕಾದರೆ ಚೀಲವನ್ನೂ ತಿನ್ನಬೇಕು. ಹೀಗೆ ಒಳಹೋದ ಪ್ಲಾಸ್ಟಿಕ್ಕು ಜೀರ್ಣವಾಗುವುದಿಲ್ಲ. ಅದು ಹಸುವಿನ ಮೊದಲನೆಯ ಹೊಟ್ಟೆಯಲ್ಲಿ ಉಳಿದು, ಮತ್ತೆ ಮತ್ತೆ ಒಳಹೋದುದರೊಡನೆ ಹೆಣೆದುಕೊಂಡು ಮುದ್ದೆಯಾಗುತ್ತದೆ. ಹೊಟ್ಟೆ ತುಂಬಿದಂತೆ ತೋರಿ ಮೇವು ಸೇರದಾಗುತ್ತದೆ. ಪಶು ದಿನದಿನಕ್ಕೆ ಸೊರಗಿ ಕಡೆಗೆ ಪ್ರಾಣ ಬಿಡುವುದೂ ಉಂಟು. ಪಶುವೈದ್ಯರು ಹೊಟ್ಟೆಯನ್ನು ಕೊಯ್ದು ಇಂಥ ಮುದ್ದೆಗಳನ್ನು ಹೊರತೆಗೆಯುವುದು ನಮ್ಮ ನಾಡಿನಲ್ಲಿ ಅಪರೂಪವೇನಲ್ಲ.

ಜೀವದಯಾಷ್ಟಮಿಯಂದು ಯಶೋಧರನ ಕಥೆಯನ್ನು ಕೇಳುವ ಮನೆಗಳು ನಮ್ಮವು. ೧೨೦೯ರಲ್ಲಿ ಜನ್ನ ಕವಿಯು ಕನ್ನಡದಲ್ಲಿ ರಚಿಸಿದ ಆ ಕಥೆಯಲ್ಲಿ ಬಲಿಯಾದದ್ದು ಹಿಟ್ಟಿನ ಕೋಳಿ. ಅಲ್ಲಿ ಪ್ರಾಣಿಯಿರಲಿಲ್ಲ, ಸಂಕಲ್ಪವಿತ್ತು. ಅಷ್ಟರಿಂದಲೇ ತಾಯಿಮಗನಿಗೆ ಭವಭವಗಳ ದುಃಖ ಬಂತು. ನಮ್ಮ ಉದ್ಯಾಪನೆಯ ಚೀಲದಲ್ಲಿ ಕೊಲ್ಲುವ ಸಂಕಲ್ಪವಿಲ್ಲ, ಆದರೆ ಪ್ರಾಣಿ ಸಾಯಬಹುದು. ಸಂಕಲ್ಪವಿಲ್ಲದ ಕಾರಣ ದೋಷವೇ ಇಲ್ಲವೆನ್ನಬಹುದೇ? ಪ್ರಮಾದದಿಂದ ಕೂಡಿದ ಮನೋವಾಕ್ಕಾಯಗಳ ವ್ಯಾಪಾರದಿಂದ ಪ್ರಾಣಘಾತವಾಗುವುದೇ ಹಿಂಸೆಯೆಂಬ ಲಕ್ಷಣವನ್ನು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಹೇಳಿದ್ದಾರೆ. ಫಲವನ್ನು ತಿಳಿಯಬಹುದಾಗಿದ್ದರೂ ತಿಳಿಯದೆ ನಡೆಯುವುದು ಪ್ರಮಾದವೇ ಸರಿ. ಆದುದರಿಂದ ತಿಳಿಯುವುದೇ ಮೊದಲನೆಯ ಕರ್ತವ್ಯ.

ಭೋಗ ಮತ್ತು ಉಪಭೋಗ

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ದಿಗ್ವ್ರತ, ಅನರ್ಥದಂಡವ್ರತ, ಭೋಗೋಪಭೋಗಪರಿಮಾಣವ್ರತ ಎಂಬ ಮೂರನ್ನು ಗುಣವ್ರತಗಳೆಂದು ಎಣಿಸಲಾಗಿದೆ. ಅಲ್ಲಿಯ ವಿವರಣೆಯಂತೆ ಒಮ್ಮೆ ಅನುಭವಿಸಿ ಬಿಡತಕ್ಕದ್ದು ಭೋಗ, ಅನುಭವಿಸಿ ಮತ್ತೆಯೂ ಅನುಭವಿಸತಕ್ಕದ್ದು ಉಪಭೋಗ. ಅನ್ನ, ಪಾನ, ಪುಷ್ಪಗಳು ಭೋಗಕ್ಕೆ ಸೇರಿದರೆ ವಸ್ತ್ರ, ಆಭರಣ, ಪಾತ್ರೆಗಳು ಉಪಭೋಗಕ್ಕೆ ಸೇರುತ್ತವೆ. ತತ್ತ್ವಾರ್ಥಸೂತ್ರದಲ್ಲಿ ಇವನ್ನೇ ಉಪಭೋಗ, ಪರಿಭೋಗವೆಂಬ ಹೆಸರುಗಳಿಂದ ಕರೆದಿದೆ. ಹೆಸರು ಬೇರೆಯಾದರೂ ವಿಭಾಗ ಒಂದೇ.

ನಮ್ಮ ಹಿರಿಯರ ಕಾಲದಲ್ಲಿ ಪದಾರ್ಥಗಳ ಹೊದಿಕೆ, ಅಂದರೆ ಪೇಟೆಯ ಮಾತಿನಲ್ಲಿ ಪ್ಯಾಕಿಂಗು, ಬಹುಮಟ್ಟಿಗೆ ಉಪಭೋಗದ ವಸ್ತುವಾಗಿತ್ತು. ಎಣ್ಣೆಗೆ ಮನೆಯಿಂದಲೇ ಪಾತ್ರೆ ಹೋಗುತ್ತಿತ್ತು. ಅಕ್ಕಿ ಬಂದ ಗೋಣಿಚೀಲ ಹಲವು ಸುಗ್ಗಿ ಕಾಣುತ್ತಿತ್ತು. ತುಪ್ಪ ಭರಣಿಯಲ್ಲಿ, ಬೇಳೆ ತಗಡಿನ ಡಬ್ಬದಲ್ಲಿ ನಿಲ್ಲುತ್ತಿದ್ದವು. ಇಂದು ಆ ಪಾತ್ರೆಯ ಸ್ಥಾನದಲ್ಲಿ ಒಮ್ಮೆ ಹರಿದು ಬಿಸಾಡುವ ಚೀಲ ಬಂದಿದೆ. ಅಂದರೆ ಉಪಭೋಗದ ವಸ್ತು ನಮ್ಮ ಅರಿವಿಗೆ ಬಾರದೆಯೇ ಭೋಗದ ವಸ್ತುವಾಗಿ ಮಾರ್ಪಟ್ಟಿದೆ. ಬೇಳೆಗೆ ಪರಿಮಾಣ ಮಾಡಿಕೊಂಡವರು ಬೇಳೆಯ ಚೀಲಕ್ಕೆ ಪರಿಮಾಣ ಮಾಡಿಕೊಂಡಿಲ್ಲ. ಅನರ್ಥದಂಡವ್ರತದ ಅತಿಚಾರಗಳಲ್ಲಿ ಪ್ರಯೋಜನಕ್ಕಿಂತ ಹೆಚ್ಚಾಗಿ ಉಪಭೋಗ ವಸ್ತುಗಳನ್ನು ಕೂಡಿಹಾಕುವುದೂ ಒಂದೆಂದು ಎಣಿಸಿರುವುದನ್ನು ಇಲ್ಲಿ ನೆನೆಯಬೇಕು.

ಹೊದಿಕೆ ಸರ್ವಥಾ ತ್ಯಾಜ್ಯವೇ?

ಹಾಗಲ್ಲ. ಹೊದಿಕೆಗೆ ಮೂರು ಪ್ರಯೋಜನಗಳಿವೆ: ಪದಾರ್ಥ ಚೆಲ್ಲದಂತೆ ಹಿಡಿಯುವುದು, ಗಾಳಿ, ತೇವ, ಬೆಳಕು, ಕೀಟಗಳಿಂದ ಕಾಪಾಡುವುದು, ಒಳಗಿರುವುದೇನೆಂದು ತಿಳಿಸುವುದು. ತೇವ ಸೋಕಿದ ಹಿಟ್ಟಿನಲ್ಲಿ ಹುಳು ಹುಟ್ಟುತ್ತದೆ, ಬಾಯಿ ತೆರೆದಿಟ್ಟ ಬೆಲ್ಲಕ್ಕೆ ಇರುವೆ ಮುತ್ತುತ್ತದೆ. ಭದ್ರವಾದ ಹೊದಿಕೆಯು ಜೀವೋತ್ಪತ್ತಿಯನ್ನೂ ಆಹಾರದ ನಷ್ಟವನ್ನೂ ತಪ್ಪಿಸುವುದರಿಂದ ಅದು ಅಹಿಂಸೆಗೆ ಸಹಕಾರಿಯೇ ಆಗಿದೆ. ಆದುದರಿಂದ ವಿವೇಕಿಯು ಕೇಳಬೇಕಾದ ಪ್ರಶ್ನೆಗಳು ನಾಲ್ಕು. ಈ ಹೊದಿಕೆ ಅವಶ್ಯವೇ? ಅವಶ್ಯವಾದರೆ ಮತ್ತೆ ಬಳಕೆಗೆ ಬರುವುದೇ? ಬಾರದಿದ್ದರೆ ಕರಗಿಸಿ ಹೊಸ ವಸ್ತು ಮಾಡಲು ಬರುವುದೇ? ಅದಕ್ಕೂ ಬಾರದಿದ್ದರೆ ಅದಿಲ್ಲದೆ ನಡೆಯುವುದೇ? ಇಂದಿನ ಶಿಲ್ಪಜ್ಞರು ಪರಿಸರಸ್ನೇಹಿ ವಿನ್ಯಾಸವೆಂದು ಕರೆಯುವ ಶಾಸ್ತ್ರದ ಸಾರ ಈ ನಾಲ್ಕು ಪ್ರಶ್ನೆಗಳಲ್ಲಿಯೇ ಇದೆ. ಹೊದಿಕೆಯು ಕಸವಾದ ಮೇಲೆ ಏನು ಮಾಡುವುದೆಂದು ಚಿಂತಿಸುವ ಬದಲು, ಹೊದಿಕೆಯನ್ನು ರೂಪಿಸುವಾಗಲೇ ಅದರ ಅಂತ್ಯವನ್ನು ಯೋಚಿಸುವುದು ಆ ಶಾಸ್ತ್ರದ ಕ್ರಮ.

ದ್ರವ್ಯಗಳ ಗುಣ

ಗಾಜು ಎಷ್ಟು ಬಾರಿ ಕರಗಿಸಿದರೂ ತನ್ನ ಗುಣವನ್ನು ಬಿಡುವುದಿಲ್ಲ. ತೊಳೆದರೆ ಕರಗಿಸದೆಯೂ ಮತ್ತೆ ಬಳಕೆಗೆ ಬರುತ್ತದೆ. ಅಲ್ಯೂಮಿನಿಯಂ ಕೂಡ ಹಾಗೆಯೇ. ಅದಿರಿನಿಂದ ಹೊಸದಾಗಿ ಲೋಹ ತೆಗೆಯುವುದಕ್ಕಿಂತ ಹಳೆಯದನ್ನು ಕರಗಿಸುವುದರಿಂದ ಶೇಕಡ ೯೫ರಷ್ಟು ಶಕ್ತಿ ಉಳಿಯುತ್ತದೆ. ಕಬ್ಬಿಣದ ತಗಡನ್ನು ಅಯಸ್ಕಾಂತದಿಂದ ಸುಲಭವಾಗಿ ಬೇರ್ಪಡಿಸಬಹುದು. ಕಾಗದವನ್ನು ನೀರಿನಲ್ಲಿ ಅರೆದು ಮತ್ತೆ ಕಾಗದ ಮಾಡುವರು; ಆದರೆ ಪ್ರತಿ ಸಲವೂ ನಾರು ಗಿಡ್ಡವಾಗುವುದರಿಂದ ಸುಮಾರು ಐದಾರು ಬಾರಿಯ ಮೇಲೆ ಅದು ಪ್ರಯೋಜನಕ್ಕೆ ಬಾರದು.

ಪ್ಲಾಸ್ಟಿಕ್ಕು ಒಂದೇ ವಸ್ತುವಲ್ಲ. ಡಬ್ಬಿಗಳ ತಳದಲ್ಲಿ ತ್ರಿಕೋನದ ನಡುವೆ ೧ರಿಂದ ೭ರವರೆಗಿನ ಒಂದು ಅಂಕಿಯನ್ನು ಒತ್ತಿರುತ್ತಾರೆ. ೧೯೮೮ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದ ಸಂಘವು ಈ ಕ್ರಮವನ್ನು ಆರಂಭಿಸಿತು. ೧ ಎಂದರೆ ನೀರಿನ ಬಾಟಲಿಯ ಪೆಟ್; ೨ ಎಂದರೆ ಗಟ್ಟಿ ಡಬ್ಬಗಳ ಎಚ್.ಡಿ.ಪಿ.ಇ.; ೩ ಪಿ.ವಿ.ಸಿ.; ೪ ತೆಳುಚೀಲಗಳ ಎಲ್.ಡಿ.ಪಿ.ಇ.; ೫ ಪಿ.ಪಿ.; ೬ ಥರ್ಮೋಕೋಲ್ ವರ್ಗದ ಪಿ.ಎಸ್.; ೭ ಇತರ ಮತ್ತು ಮಿಶ್ರ ಜಾತಿಗಳು. ಅಂಕಿಯು ಜಾತಿಯನ್ನು ಹೇಳುತ್ತದೆಯೇ ಹೊರತು, ಆ ವಸ್ತು ಖಂಡಿತವಾಗಿ ಮರುಬಳಕೆಗೆ ಹೋಗುವುದೆಂಬ ಭರವಸೆಯನ್ನು ಕೊಡುವುದಿಲ್ಲ. ೧, ೨, ೫ರ ಗಟ್ಟಿ ವಸ್ತುಗಳನ್ನು ಗುಜರಿಯವರು ಆಸಕ್ತಿಯಿಂದ ಕೊಳ್ಳುತ್ತಾರೆ. ೩, ೬, ೭ಕ್ಕೆ ಕೊಳ್ಳುವವರು ವಿರಳ.

ಕಷ್ಟವೆಲ್ಲ ಬರುವುದು ಮಿಶ್ರಣದಿಂದ. ಬಿಸ್ಕತ್ತು, ಖಾರದ ತಿಂಡಿ, ಮಸಾಲೆಪುಡಿಗಳ ಹೊಳೆಯುವ ಪೊಟ್ಟಣವನ್ನು ನೋಡಿರಿ. ಹೊರಗೆ ಮುದ್ರಣಕ್ಕೆ ಒಂದು ಪ್ಲಾಸ್ಟಿಕ್ಕು, ನಡುವೆ ಗಾಳಿ ಬೆಳಕುಗಳನ್ನು ತಡೆಯಲು ಅಲ್ಯೂಮಿನಿಯಂ, ಒಳಗೆ ಬಿಸಿಯಿಂದ ಅಂಟಿಸಲು ಮತ್ತೊಂದು ಪ್ಲಾಸ್ಟಿಕ್ಕು, ಹೀಗೆ ಪದರಗಳನ್ನು ಬಿಡಿಸಲಾಗದಂತೆ ಬೆಸೆದಿರುತ್ತಾರೆ. ಒಂದೊಂದು ಪದರವೂ ತನ್ನಷ್ಟಕ್ಕೆ ಕರಗಬಲ್ಲದು. ಕೂಡಿಸಿದ ಮೇಲೆ ಮೂರೂ ಕೆಡುತ್ತವೆ. ತೂಕವೂ ಅತ್ಯಲ್ಪವಾದುದರಿಂದ ಇಂಥ ಪೊಟ್ಟಣಗಳನ್ನು ಆಯ್ದರೆ ಹಾಯುವವರಿಗೆ ಕೂಲಿಯೂ ಹುಟ್ಟದು. ಅವು ಚರಂಡಿಗೋ ಬೆಂಕಿಗೋ ಬೀಳುತ್ತವೆ. ಕಾಗದದ ಲೋಟವೂ ಶುದ್ಧ ಕಾಗದವಲ್ಲ. ನೀರು ಸೋರದಿರಲೆಂದು ಅದರ ಒಳಮೈಗೆ ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನ ತೆಳುಪದರವನ್ನು ಹಚ್ಚಿರುತ್ತಾರೆ.

ಗೊಬ್ಬರವಾಗುವುದೆಂದು ಮಾರುವ ಚೀಲಗಳ ವಿಷಯದಲ್ಲಿಯೂ ಎಚ್ಚರ ಬೇಕು. ಅವುಗಳಲ್ಲಿ ಬಹುಪಾಲು ಗೊಬ್ಬರದ ಕಾರ್ಖಾನೆಯಲ್ಲಿ ಸುಮಾರು ೫೮ ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ವಾರಗಟ್ಟಲೆ ಇದ್ದರೆ ಮಾತ್ರ ಕರಗತಕ್ಕವು. ಬಸದಿಯ ಹಿಂದಿನ ಹೊಂಡದಲ್ಲಿ ಅವು ಬೇಗ ಕರಗುವುದಿಲ್ಲ, ಹಸುವಿನ ಗಂಟಲಿಗೆ ಹೋಗುವುದನ್ನಂತೂ ತಪ್ಪಿಸುವುದಿಲ್ಲ.

ವ್ಯಾಪಾರಿ ಶ್ರಾವಕರಿಗೆ

ನಮ್ಮ ಸಮಾಜದಲ್ಲಿ ಧಾನ್ಯ, ಬಟ್ಟೆ, ಪಾತ್ರೆ, ಸಿಹಿತಿಂಡಿಗಳ ವ್ಯಾಪಾರ ಮಾಡುವ ಮನೆತನಗಳು ಅನೇಕ. ಕೊಳ್ಳುವವನು ಒಂದು ಚೀಲವನ್ನು ಬಿಡಬಹುದು. ಮಾರುವವನು ಮನಸ್ಸು ಮಾಡಿದರೆ ಸಾವಿರ ಚೀಲಗಳ ಸ್ವರೂಪವನ್ನೇ ಬದಲಿಸಬಹುದು. ಅವರು ಗಮನಿಸಬೇಕಾದ ಅಂಶಗಳಿವು.

ಮೊದಲನೆಯದು ಅಳತೆ. ಪದಾರ್ಥಕ್ಕೆ ತಕ್ಕ ಪೆಟ್ಟಿಗೆ ಇರಲಿ. ದೊಡ್ಡ ಪೆಟ್ಟಿಗೆಯಲ್ಲಿ ಸಣ್ಣ ವಸ್ತುವನ್ನಿಟ್ಟು ಸುತ್ತಲೂ ತುಂಬುವ ಥರ್ಮೋಕೋಲು ಕೊಂಡವನಿಗೂ ಬೇಡ, ಮಾರಿದವನಿಗೂ ಬೇಡ. ಎರಡನೆಯದು ಏಕದ್ರವ್ಯ. ಮೂರು ಜಾತಿಯ ಪದರಗಳಿಗೆ ಬದಲು ಒಂದೇ ಜಾತಿಯ ಪ್ಲಾಸ್ಟಿಕ್ಕಿನ ಚೀಲದಿಂದ ಕೆಲಸ ಸಾಗುವುದಾದರೆ ಅದನ್ನೇ ಆರಿಸಬೇಕು. ಕೆಲವೇ ದಿನಗಳಲ್ಲಿ ಮಾರಾಟವಾಗುವ ಬೇಳೆಕಾಳುಗಳಿಗೆ ಅಲ್ಯೂಮಿನಿಯಂ ಪದರದ ಅವಶ್ಯಕತೆಯಿಲ್ಲ. ಮೂರನೆಯದು ಬಿಡಿಸುವಿಕೆ. ಬಾಟಲಿಗಳನ್ನು ಕರಗಿಸುವ ಮೊದಲು ಚೂರು ಮಾಡಿ ನೀರಿನಲ್ಲಿ ಹಾಕುತ್ತಾರೆ. ಪೆಟ್ ನೀರಿಗಿಂತ ಭಾರವಾದುದರಿಂದ ಮುಳುಗುತ್ತದೆ; ಎಚ್.ಡಿ.ಪಿ.ಇ. ಅಥವಾ ಪಿ.ಪಿ. ಮುಚ್ಚಳದ ಚೂರುಗಳು ತೇಲುತ್ತವೆ. ಎರಡೂ ತಾವಾಗಿ ಬೇರೆಯಾಗುತ್ತವೆ. ಆದರೆ ಪೆಟ್ ಬಾಟಲಿಗೆ ಪಿ.ವಿ.ಸಿ.ಯ ಕವಚವನ್ನು ಬಿಗಿದಿದ್ದರೆ ಅದೂ ಮುಳುಗಿ ಪೆಟ್ಟಿನೊಡನೆ ಬೆರೆಯುತ್ತದೆ. ಕರಗಿಸುವ ಶಾಖದಲ್ಲಿ ಪಿ.ವಿ.ಸಿ. ಆಮ್ಲದ ಅನಿಲವನ್ನು ಉಗುಳಿ ಇಡೀ ರಾಶಿಯನ್ನು ಕೆಡಿಸುತ್ತದೆ. ರೂಪಿಸುವವನ ಒಂದು ಸಣ್ಣ ಅಲಕ್ಷ್ಯದಿಂದ ಸಾವಿರಾರು ಬಾಟಲಿಗಳ ಮರುಬಳಕೆ ನಿಷ್ಫಲವಾಗುವ ರೀತಿ ಇದು. ನಾಲ್ಕನೆಯದು ಬಣ್ಣ ಮತ್ತು ಚೀಟಿ. ಬಣ್ಣವಿಲ್ಲದ ಪಾರದರ್ಶಕ ವಸ್ತುವಿಗೆ ಮರುಬಳಕೆಯಲ್ಲಿ ಬೆಲೆ ಹೆಚ್ಚು. ಯಂತ್ರಗಳು ಬೆಳಕಿನ ನೆರವಿನಿಂದ ವಿಂಗಡಿಸುವಾಗ ಮಸಿಗಪ್ಪಿನ ಡಬ್ಬಿಗಳು ಅವುಗಳ ದೃಷ್ಟಿಗೆ ಬೀಳುವುದಿಲ್ಲ. ಚೀಟಿಯ ಅಂಟು ನೀರಿನಲ್ಲಿ ಬಿಡುವಂತಹುದಾಗಿರಲಿ.

ರಾಜ್ಯಶಾಸನವೂ ಈ ದಿಕ್ಕಿನಲ್ಲಿ ನಡೆದಿದೆ. ಕರ್ನಾಟಕದಲ್ಲಿ ೨೦೧೬ರ ಮಾರ್ಚಿಯಲ್ಲಿಯೇ ಪ್ಲಾಸ್ಟಿಕ್ಕಿನ ಕೈಚೀಲ, ತಟ್ಟೆ, ಲೋಟ, ಚಮಚ, ಊಟದ ಮೇಜಿಗೆ ಹಾಸುವ ಹಾಳೆ ಮೊದಲಾದವನ್ನು ನಿಷೇಧಿಸಲಾಯಿತು. ೨೦೨೨ರ ಜುಲೈ ೧ರಿಂದ ಇಡೀ ದೇಶದಲ್ಲಿ ಒಮ್ಮೆ ಬಳಸಿ ಬಿಸಾಡುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ನಿಷೇಧ ಬಂತು. ಸಿಹಿಯ ಡಬ್ಬಿಗಳಿಗೂ ಆಮಂತ್ರಣ ಪತ್ರಿಕೆಗಳಿಗೂ ಸುತ್ತುವ ಪ್ಲಾಸ್ಟಿಕ್ ಪೊರೆಯೂ, ಅಲಂಕಾರದ ಥರ್ಮೋಕೋಲೂ ಆ ಪಟ್ಟಿಯಲ್ಲಿವೆ ಎಂಬುದನ್ನು ಉದ್ಯಾಪನೆ, ಪಂಚಕಲ್ಯಾಣಗಳನ್ನು ಏರ್ಪಡಿಸುವವರು ವಿಶೇಷವಾಗಿ ಗಮನಿಸಬೇಕು. ಅದೇ ವರ್ಷದ ಫೆಬ್ರವರಿಯಲ್ಲಿ ಪ್ರಕಟವಾದ ಮಾರ್ಗಸೂಚಿಯಿಂದ, ಪ್ಲಾಸ್ಟಿಕ್ ಹೊದಿಕೆಯಲ್ಲಿ ಪದಾರ್ಥ ಮಾರುವ ಉತ್ಪಾದಕರೇ ಅದರ ಸಂಗ್ರಹಕ್ಕೂ ಮರುಬಳಕೆಗೂ ಹೊಣೆಗಾರರಾದರು. ಶಾಸನವು ದಂಡದ ಭಯದಿಂದ ತಡೆಯುವುದನ್ನು ವ್ರತಿಯು ತಾನೇ ಬಿಡತಕ್ಕದ್ದು.

ಎರಡು ಶಂಕೆಗಳು

"ಸ್ಟೀಲಿನ ತಟ್ಟೆ ಲೋಟಗಳನ್ನು ತೊಳೆಯಲು ನೀರು ಬೇಕು; ಅಲ್ಲಿ ಜಲಕಾಯಿಕ ಜೀವಗಳಿಗೆ ಬಾಧೆಯಾಗದೇ? ಬಿಸಾಡುವ ತಟ್ಟೆಯಲ್ಲಿ ಆ ದೋಷವಿಲ್ಲವಲ್ಲ" ಎಂದು ಕೆಲವರು ಕೇಳುವುದುಂಟು. ಶಂಕೆ ಯೋಗ್ಯವಾದುದೇ. ಆದರೆ ಬಿಸಾಡುವ ತಟ್ಟೆಯು ಹುಟ್ಟುವ ಕಾರ್ಖಾನೆಯಲ್ಲಿಯೂ ನೀರು, ಬೆಂಕಿಗಳ ಆರಂಭ ಇದ್ದೇ ಇದೆ. ಅದು ನಮ್ಮ ಕಣ್ಣಿಗೆ ಬೀಳುವುದಿಲ್ಲವಷ್ಟೆ. ಮೇಲಾಗಿ ಎಸೆದ ತಟ್ಟೆಯಿಂದ ಬಾಧೆಯಾಗುವುದು ಹಸು, ಮೀನು, ಇರುವೆಗಳೆಂಬ ತ್ರಸಜೀವಗಳಿಗೆ. ಗೃಹಸ್ಥನ ಅಹಿಂಸಾಣುವ್ರತವು ತ್ರಸಜೀವಗಳ ರಕ್ಷಣೆಯನ್ನು ಮೊದಲು ಹೇಳಿ, ಸ್ಥಾವರ ಜೀವಗಳ ಘಾತವನ್ನು ಪ್ರಯೋಜನದ ಮಿತಿಯಲ್ಲಿಡಲು ಹೇಳುತ್ತದೆ. ಆದುದರಿಂದ ಪಾತ್ರೆಯಲ್ಲಿ ಉಳಿದುದನ್ನು ಮೊದಲು ಒರೆಸಿ, ಸೋಸಿದ ನೀರನ್ನು ಮಿತವಾಗಿ ಬಳಸಿ ತೊಳೆಯುವುದೇ ಯುಕ್ತ. ಹಸಿರು ಬಿಟ್ಟ ದಿನಗಳಲ್ಲಿ ಬಾಳೆ ಎಲೆ ಬೇಡವೆನ್ನುವವರಿಗೆ ಮುತ್ತುಗದ ಒಣ ಎಲೆಯ ಪತ್ರಾವಳಿಯೂ ಇದೆ.

"ಹಾಗಾದರೆ ಹಿಂದಿನಂತೆ ವೃತ್ತಪತ್ರಿಕೆಯಲ್ಲಿ ಕಟ್ಟಿಕೊಡಬಹುದಲ್ಲ" ಎಂಬುದು ಎರಡನೆಯ ಶಂಕೆ. ತಿನ್ನುವ ಪದಾರ್ಥಕ್ಕೆ ಅದು ಸಲ್ಲದು. ಮುದ್ರಣದ ಮಸಿ ಆಹಾರಕ್ಕೆ ಇಳಿಯುವುದರಿಂದ ೨೦೧೮ರ ಆಹಾರ ಹೊದಿಕೆಯ ನಿಯಮಗಳಲ್ಲಿ ವೃತ್ತಪತ್ರಿಕೆಯನ್ನು ನಿಷೇಧಿಸಲಾಗಿದೆ. ಇನ್ನು ಹೊಸ ಕಾಗದದ ಚೀಲವನ್ನು ಒಮ್ಮೆ ಬಳಸಿ ಎಸೆದರೆ ಅದೂ ಭೋಗವೇ. ಮರ, ನೀರುಗಳ ವ್ಯಯ ಅದರಲ್ಲಿಯೂ ಉಂಟು. ದ್ರವ್ಯವನ್ನು ಬದಲಿಸಿದ ಮಾತ್ರಕ್ಕೆ ದೋಷ ಹೋಗುವುದಿಲ್ಲ, ಬಳಕೆಯ ಕ್ರಮ ಬದಲಾಗಬೇಕು.

ಒಂದು ಲೆಕ್ಕ

೧೦೮ ಮನೆಗಳಿಗೆ ಪ್ರಭಾವನೆ ಹಂಚುವ ಉದ್ಯಾಪನೆಯೊಂದನ್ನು ಭಾವಿಸಿರಿ. ಮನೆಯೊಂದಕ್ಕೆ ಒಂದು ಕೈಚೀಲ, ಅದರೊಳಗೆ ಸಿಹಿಯ ರಟ್ಟಿನ ಡಬ್ಬಿ, ಡಬ್ಬಿಗೆ ಪೊರೆ, ಒಳಗೆ ಪ್ಲಾಸ್ಟಿಕ್ಕಿನ ಅಚ್ಚುತಟ್ಟೆ, ಮೇಲೆ ರಿಬ್ಬನು, ಅಡಿಕೆ ಅಕ್ಷತೆಗಳಿಗೆ ಪುಟ್ಟ ಪೊಟ್ಟಣ, ಹೀಗೆ ಆರು ಹೊದಿಕೆಗಳು. ಒಟ್ಟು ೬೪೮ ವಸ್ತುಗಳು. ಬಹುಪಾಲು ಅದೇ ಸಂಜೆ ಕಸವಾಗುತ್ತವೆ. ಇದರ ಬದಲು ಮುಚ್ಚಳವಿರುವ ಒಂದು ಸಣ್ಣ ಸ್ಟೀಲಿನ ಡಬ್ಬಿಯಲ್ಲಿ ಸಿಹಿಯನ್ನಿಟ್ಟು, ಅಡಿಕೆ ಅಕ್ಷತೆಗಳನ್ನು ಕೈಗೇ ಕೊಟ್ಟರೆ ವಸ್ತುಗಳು ೧೦೮ ಮಾತ್ರ. ಅವೂ ಕಸವಾಗದೆ ಅಡಿಗೆಮನೆಯಲ್ಲಿ ಉಪಭೋಗವಾಗಿ ನಿಲ್ಲುತ್ತವೆ. ವೆಚ್ಚ ಹೆಚ್ಚೆನಿಸಿದರೆ, ಮನೆಯಿಂದಲೇ ಡಬ್ಬಿ ತರುವಂತೆ ಆಮಂತ್ರಣದಲ್ಲಿ ಒಂದು ಸಾಲು ಬರೆಯಬಹುದು. ಮೊದಲಿಗೆ ಸಂಕೋಚವೆನಿಸೀತು. ಆದರೆ ದಾನದ ಗೌರವವಿರುವುದು ಕೊಡುವವರ ಭಾವದಲ್ಲಿಯೇ ಹೊರತು ಹೊದಿಕೆಯ ಹೊಳಪಿನಲ್ಲಲ್ಲ.

ಬಿಡುವ ಕ್ರಮ

ಮುನಿಗಳಿಗೆ ವಿಧಿಸಿರುವ ಐದು ಸಮಿತಿಗಳಲ್ಲಿ ವಸ್ತುವನ್ನು ನೋಡಿ ಎತ್ತಿ ಇಡುವ ಆದಾನನಿಕ್ಷೇಪಣ ಸಮಿತಿಯೂ, ಮಲಾದಿಗಳನ್ನು ಜಂತುರಹಿತವಾದ ಸ್ಥಳವನ್ನು ನೋಡಿ ವಿಸರ್ಜಿಸುವ ಉತ್ಸರ್ಗ ಸಮಿತಿಯೂ ಇವೆ. ಶರೀರದ ಮಲವನ್ನು ಬಿಡುವಲ್ಲಿಯೇ ಇಷ್ಟು ಎಚ್ಚರವನ್ನು ಮುನಿಗಳು ಪಾಲಿಸುವಾಗ, ಮನೆಯ ಕಸವನ್ನು ಬಿಡುವಲ್ಲಿ ಗೃಹಸ್ಥನು ಅದರ ಒಂದಂಶವನ್ನಾದರೂ ಅನುಸರಿಸಬೇಡವೇ?

ಅದರ ಕ್ರಮ ಕಠಿನವಲ್ಲ. ಹಸಿ ಕಸ, ಒಣ ಕಸಗಳನ್ನು ಹುಟ್ಟಿದ ಕ್ಷಣದಲ್ಲಿಯೇ ಬೇರೆ ಮಾಡಬೇಕು. ಬೆರೆತು ಕೊಳೆತ ಕಾಗದವೂ ಜಿಡ್ಡು ಹಿಡಿದ ಚೀಲವೂ ಮರುಬಳಕೆಗೆ ಬಾರವು. ಸಿಹಿ, ಬೆಲ್ಲ, ತುಪ್ಪ ತಗಲಿದ ಪೊಟ್ಟಣವನ್ನು ಒರೆಸಿ ಒಣಗಿಸಿ ಇಡಬೇಕು; ಇಲ್ಲವಾದರೆ ಇರುವೆಗಳು ಒಳಸೇರಿ ಪೊಟ್ಟಣದೊಡನೆ ನಾಶವಾಗುತ್ತವೆ. ಹಾಲಿನ ಚೀಲದ ಮೂಲೆಯನ್ನು ಪೂರ್ತಿ ಕತ್ತರಿಸದೆ ಚೀಲಕ್ಕೆ ಅಂಟಿಕೊಂಡಿರುವಂತೆ ಬಿಡಬೇಕು. ಉದುರಿದ ಆ ಚೂರನ್ನು ಯಾರೂ ಆಯುವುದಿಲ್ಲ. ಆಹಾರವಿರುವ ಚೀಲವನ್ನು ಗಂಟು ಕಟ್ಟಿ ಎಂದಿಗೂ ಹೊರಗೆಸೆಯಬಾರದು. ಕಸವನ್ನು ಸುಡಬಾರದು, ಬೆಂಕಿಯಲ್ಲಿ ಕೀಟಗಳು ಸಾಯುವುದಲ್ಲದೆ, ಪಿ.ವಿ.ಸಿ. ಉರಿದಾಗ ಡಯಾಕ್ಸಿನ್ ಎಂಬ ಘೋರ ವಿಷವೂ ಹುಟ್ಟುತ್ತದೆ. ಒಣ ವಸ್ತುಗಳನ್ನು ಗುಜರಿ ಅಂಗಡಿಗೋ ಊರಿನ ಒಣ ತ್ಯಾಜ್ಯ ಸಂಗ್ರಹ ಕೇಂದ್ರಕ್ಕೋ ಮುಟ್ಟಿಸಬೇಕು.

ಚಾತುರ್ಮಾಸಕ್ಕೆ ಒಂದು ನಿಯಮ

ಭೋಗೋಪಭೋಗಗಳ ತ್ಯಾಗವು ಎರಡು ವಿಧ: ಕಾಲದ ಮಿತಿಯುಳ್ಳದ್ದು ನಿಯಮ, ಜೀವಾವಧಿಯದು ಯಮ. ಮೊದಲಿಗೆ ನಿಯಮವೇ ಸಾಕು. ಮಳೆಗಾಲದಲ್ಲಿ ಜೀವೋತ್ಪತ್ತಿ ಹೆಚ್ಚು. ಎಸೆದ ಚೀಲಗಳು ಚರಂಡಿಯನ್ನು ಕಟ್ಟಿ ನೀರು ನಿಲ್ಲಿಸುವುದೂ ಆಗಲೇ. ಆದಕಾರಣ ಬರುವ ಚಾತುರ್ಮಾಸದ ನಾಲ್ಕು ತಿಂಗಳಿಗೆ ಈ ಐದನ್ನು ಮನೆಮಂದಿ ಕೂಡಿ ಕೈಗೊಳ್ಳಬಹುದು.

೧. ಬಟ್ಟೆಯ ಕೈಚೀಲವಿಲ್ಲದೆ ಪೇಟೆಗೆ ಹೋಗುವುದಿಲ್ಲ; ಮರೆತರೆ ಆ ದಿನ ಕೊಳ್ಳುವುದಿಲ್ಲ.
೨. ಸಣ್ಣ ಸಣ್ಣ ಪೊಟ್ಟಣಗಳ ಬದಲು ಬೇಕಾದಷ್ಟನ್ನು ಒಂದೇ ಚೀಲದಲ್ಲಿ ತಂದು ಡಬ್ಬದಲ್ಲಿಡುತ್ತೇವೆ. ಹುಳು ಹಿಡಿಯುವಷ್ಟು ಕೂಡಿಡುವುದಿಲ್ಲ.
೩. ಪದರಪದರವಾಗಿ ಬೆಸೆದ ಪೊಟ್ಟಣದ ತಿಂಡಿಗಳನ್ನು ಅಷ್ಟಮಿ ಚತುರ್ದಶಿಗಳಲ್ಲಿ ಪೂರ್ತಿಯಾಗಿ, ಇತರ ದಿನಗಳಲ್ಲಿ ಶಕ್ತ್ಯನುಸಾರ ಬಿಡುತ್ತೇವೆ.
೪. ಪರ್ವದ ಊಟ, ಪ್ರಭಾವನೆಗಳಲ್ಲಿ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ಕನ್ನು ಕೊಡುವುದಿಲ್ಲ.
೫. ಪ್ರತಿ ಚತುರ್ದಶಿಯ ದಿನ ಮನೆಯ ಒಣ ಕಸವನ್ನು ತೂಗಿ ಬರೆದಿಡುತ್ತೇವೆ.

ಐದನೆಯದು ಅಲ್ಪವೆಂದು ಬಿಡಬಾರದು. ತೂಗಿ ನೋಡದೆ ಪರಿಮಾಣವೆಂಬುದಿಲ್ಲ. ಮೊದಲ ಚತುರ್ದಶಿಯ ತೂಕವನ್ನು ಕೊನೆಯದರೊಡನೆ ಹೋಲಿಸಿದರೆ ನಿಯಮವು ನಡೆಯಿತೋ ಇಲ್ಲವೋ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗದು. ತಪ್ಪಿದ ದಿನಗಳಿಗೆ ಪ್ರತಿಕ್ರಮಣದಲ್ಲಿ ಆಲೋಚನೆ ಮಾಡಿ ಮತ್ತೆ ಮುಂದುವರಿಯಬೇಕು.

ಬಸದಿಯ ಗೋಡೆಯ ಬಳಿ ಕಂಡ ಆ ಹಸು ಮುಂದೆ ಏನಾಯಿತೆಂಬುದು ತಿಳಿದುಬರಲಿಲ್ಲ. ಅಂದಿನಿಂದ ಆ ಬಂಧುಗಳ ಮನೆಯಲ್ಲಿ ಅನ್ನವನ್ನು ಚೀಲದಲ್ಲಿ ಕಟ್ಟಿ ಎಸೆಯುವುದು ನಿಂತಿದೆ. ಅಗಲವಾದ ಕಲ್ಲುಬಾನಿಯೊಂದನ್ನು ಬಾಗಿಲ ಬಳಿ ಇಟ್ಟು ಉಳಿದುದನ್ನು ಹಸನಾಗಿ ಅದರಲ್ಲಿ ಹಾಕುತ್ತಾರೆ. ನೋಂಪಿ ಮುಗಿದ ಮೇಲೆ ಉಳಿದ ಫಲವೆಂದರೆ ಇಂಥ ನಡೆಯೇ ಎಂದು ಆ ಮನೆಯ ಹಿರಿಯ ತಾಯಿ ಹೇಳಿದ ಮಾತಿನಿಂದ ಈ ಪಾಠವನ್ನು ಮುಗಿಸುತ್ತೇವೆ.

ಅಭ್ಯಾಸಕ್ಕೆ

೧. ಭೋಗ, ಉಪಭೋಗಗಳ ಲಕ್ಷಣವೇನು? ನಿಮ್ಮ ಅಡಿಗೆಮನೆಯಲ್ಲಿ ಉಪಭೋಗದಿಂದ ಭೋಗಕ್ಕೆ ಇಳಿದ ಮೂರು ವಸ್ತುಗಳನ್ನು ಗುರುತಿಸಿರಿ.
೨. ಸಂಕಲ್ಪವಿಲ್ಲದಿದ್ದರೂ ಎಸೆದ ಚೀಲದಿಂದಾಗುವ ಪ್ರಾಣಘಾತದಲ್ಲಿ ದೋಷ ಹೇಗೆ ಬರುತ್ತದೆ?
೩. ಪದರಗಳಿಂದ ಬೆಸೆದ ಪೊಟ್ಟಣವು ಮರುಬಳಕೆಗೆ ಬಾರದಿರಲು ಕಾರಣವೇನು?
೪. ಮನೆಯಲ್ಲಿರುವ ಐದು ಡಬ್ಬಿಗಳ ತಳದ ಅಂಕಿಗಳನ್ನು ಮಕ್ಕಳಿಂದ ಓದಿಸಿ, ಯಾವುದನ್ನು ಗುಜರಿಯವರು ಕೊಳ್ಳುವರೆಂದು ವಿಚಾರಿಸಿ ತಿಳಿಯಿರಿ.